ಪಂಪ್‌ಸೆಟ್ ಸ್ಟಾರ್ಟರಿನ ರಿಲೇ: ಮೇಲಿನ ಬರಹ ಓದಿ, ಮೋಟಾರು ಉಳಿಸಿ

ಬೆಳೆಗೆ ನೀರು ತೀರ ಅಗತ್ಯವಾದ ದಿನಗಳಲ್ಲಿಯೇ ಪಂಪ್‌ಸೆಟ್ಟಿನ ಮೋಟಾರು ಸುಡುವುದು ಅನೇಕ ರೈತರ ಅನುಭವ. ಇದು ಬರೀ ದುರದೃಷ್ಟವಲ್ಲ. ಬೇಸಿಗೆಯಲ್ಲಿ ಮೋಟಾರು ಹೆಚ್ಚು ಹೊತ್ತು ಓಡುತ್ತದೆ, ಒಂದೇ ಲೈನಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಡೆಯುವುದರಿಂದ ವೋಲ್ಟೇಜು ಇಳಿಯುತ್ತದೆ, ಕೊಳವೆ ಬಾವಿಯ ನೀರೂ ಕೆಳಕ್ಕೆ ಹೋಗಿರುತ್ತದೆ. ಮೋಟಾರು ಸುಟ್ಟರೆ ರೀವೈಂಡಿಂಗ್ ಖರ್ಚು ಒಂದು ಕಡೆ. ಸಬ್‌ಮರ್ಸಿಬಲ್ ಪಂಪಾದರೆ ಪೈಪು ಸಮೇತ ಮೇಲೆತ್ತಿ ಮತ್ತೆ ಇಳಿಸುವ ಕೂಲಿ ಇನ್ನೊಂದು ಕಡೆ. ಇವೆರಡಕ್ಕಿಂತ ದೊಡ್ಡದು ರಿಪೇರಿ ಮುಗಿಯುವಷ್ಟರಲ್ಲಿ ಬಾಡಿಹೋಗುವ ಬೆಳೆ.

ಈ ನಷ್ಟ ತಡೆಯಲೆಂದೇ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಓವರ್‌ಲೋಡ್ ರಿಲೇ ಇದೆ. ಆದರೆ ಬಹಳ ಕಡೆ ಅದು ಇದ್ದೂ ಇಲ್ಲದಂತಾಗಿರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ತಿರುಗಣೆಯನ್ನು ಕೊನೆಯ ಅಂಕಿಗೆ ತಿರುಗಿಸಿಡುತ್ತಾರೆ. ಇಲ್ಲವೆ ಒಂದು ತುಂಡು ತಂತಿ ಕಟ್ಟಿ ರಿಲೇಯನ್ನೇ ತಪ್ಪಿಸುತ್ತಾರೆ. ಅಂಗಡಿಯಲ್ಲಿ ಹೊಸ ರಿಲೇ ಕೊಳ್ಳುವಾಗಲೂ ಅಶ್ವಶಕ್ತಿ ಒಂದನ್ನೇ ಹೇಳಿ ಕೊಟ್ಟದ್ದನ್ನು ತರುತ್ತಾರೆ. ರಿಲೇಯ ಮೇಲೆ ಅಚ್ಚಾಗಿರುವ ಬರಹದ ಅರ್ಥ ತಿಳಿದರೆ ಈ ತಪ್ಪುಗಳು ಆಗುವುದಿಲ್ಲ. ಆ ಬರಹವನ್ನು ಒಂದೊಂದಾಗಿ ಇಲ್ಲಿ ವಿವರಿಸಲಾಗಿದೆ.

ರಿಲೇ ಎಂದರೇನು?

ಸಣ್ಣ ಸೂಚನೆಯಿಂದ ದೊಡ್ಡ ವಿದ್ಯುತ್ತನ್ನು ಕೂಡಿಸುವ ಅಥವಾ ಕಡಿಯುವ ಸಾಧನಕ್ಕೆ ರಿಲೇ ಎಂದು ಹೆಸರು. ಸ್ಟಾರ್ಟರಿನಲ್ಲಿ ಈ ಬಗೆಯ ಕೆಲಸ ಮಾಡುವ ಎರಡು ಭಾಗಗಳಿವೆ. ಮೊದಲನೆಯದು ಕಾಂಟ್ಯಾಕ್ಟರ್. ಹಸಿರು ಗುಂಡಿ ಒತ್ತಿದಾಗ ಇದರ ನೋವೋಲ್ಟ್ ಕಾಯಿಲ್ ಅಯಸ್ಕಾಂತವಾಗಿ ಮೂರೂ ಫೇಸುಗಳನ್ನು ಮೋಟಾರಿಗೆ ಕೂಡಿಸುತ್ತದೆ. ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುತ್ತದೆ.

ಎರಡನೆಯದು ಓವರ್‌ಲೋಡ್ ರಿಲೇ. ಇದರೊಳಗೆ ಪ್ರತಿ ಫೇಸಿಗೆ ಒಂದರಂತೆ ಮೂರು ದ್ವಿಲೋಹ ಪಟ್ಟಿಗಳಿವೆ. ಕಾಯಿಸಿದಾಗ ಒಂದೇ ಸಮನಾಗಿ ಹಿಗ್ಗದ ಎರಡು ಲೋಹಗಳನ್ನು ಬೆಸೆದು ಈ ಪಟ್ಟಿ ಮಾಡಿರುತ್ತಾರೆ. ಮೋಟಾರಿನ ಕರೆಂಟು ಹೆಚ್ಚಾದಂತೆ ಪಟ್ಟಿ ಕಾದು ಬಾಗುತ್ತದೆ; ಒಂದು ಮಿತಿ ದಾಟಿದೊಡನೆ ಒಳಗಿನ ಕೊಂಡಿಯನ್ನು ತಳ್ಳಿ ಕಾಯಿಲಿನ ದಾರಿಯನ್ನು ಕಡಿಯುತ್ತದೆ. ಆಗ ಕಾಂಟ್ಯಾಕ್ಟರ್ ಬಿಟ್ಟುಕೊಂಡು ಮೋಟಾರು ನಿಲ್ಲುತ್ತದೆ. ಇದಕ್ಕೇ ಟ್ರಿಪ್ ಆಗುವುದು ಎನ್ನುತ್ತೇವೆ.

ಫ್ಯೂಸು ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಮೋಟಾರು ಹೊರಡುವಾಗ ಕ್ಷಣಕಾಲ ತನ್ನ ಪೂರ್ಣ ಹೊರೆಯ ಕರೆಂಟಿನ ಸುಮಾರು 6 ರಿಂದ 7 ಪಟ್ಟು ಎಳೆಯುತ್ತದೆ. ಅದನ್ನು ತಡೆದುಕೊಳ್ಳುವಷ್ಟು ದಪ್ಪನಾದ ಫ್ಯೂಸು ಸಣ್ಣ ಓವರ್‌ಲೋಡಿಗೆ ಕರಗುವುದಿಲ್ಲ. ಫ್ಯೂಸು ಶಾರ್ಟ್ ಸರ್ಕ್ಯೂಟಿಗೆ, ರಿಲೇ ಓವರ್‌ಲೋಡಿಗೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಮೊದಲು ಮೋಟಾರಿನ ನಾಮಫಲಕ

ರಿಲೇಯನ್ನು ಅಶ್ವಶಕ್ತಿಯ ಮೇಲೆ ಆರಿಸಬಾರದು, ಆಂಪಿಯರಿನ ಮೇಲೆ ಆರಿಸಬೇಕು. 5 ಅಶ್ವಶಕ್ತಿಯ, 415 ವೋಲ್ಟಿನ ಮೂರು ಫೇಸ್ ಮಾನೋಬ್ಲಾಕ್ ಮೋಟಾರು ಸುಮಾರು 7.5 ಆಂಪಿಯರ್ ಎಳೆದರೆ, ಅಷ್ಟೇ ಶಕ್ತಿಯ ಸಬ್‌ಮರ್ಸಿಬಲ್ ಮೋಟಾರು ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಆದ್ದರಿಂದ ನಾಮಫಲಕದಲ್ಲಿರುವ ಆಂಪಿಯರ್ ಅಂಕಿಯೇ ಪ್ರಮಾಣ. ಸಬ್‌ಮರ್ಸಿಬಲ್ ಮೋಟಾರಿನ ನಾಮಫಲಕ ಬಾವಿಯೊಳಗೆ ಹೋಗಿಬಿಡುವುದರಿಂದ, ಇಳಿಸುವ ಮೊದಲೇ ಆ ಅಂಕಿಯನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಬಣ್ಣದಿಂದ ಬರೆದಿಡುವುದು ಒಳ್ಳೆಯದು.

ವ್ಯಾಪ್ತಿ ಮತ್ತು ತಿರುಗಣೆಯ ಅಂಕಿ

ರಿಲೇಯ ಮೇಲೆ 6–10 ಎಂದೋ 9–15 ಎಂದೋ ಆಂಪಿಯರ್ ವ್ಯಾಪ್ತಿ ಬರೆದಿರುತ್ತದೆ. ಮೋಟಾರಿನ ಅಂಕಿ ಈ ವ್ಯಾಪ್ತಿಯ ನಡುವೆ ಬರುವಂತಹ ರಿಲೇ ಕೊಳ್ಳಬೇಕು. 7.5 ಆಂಪಿಯರ್ ಮೋಟಾರಿಗೆ 6–10 ರ ರಿಲೇ ಸರಿ. 9–15 ರದ್ದನ್ನು ಹಾಕಿದರೆ ತೀರ ಕೆಳಗೆ ತಿರುಗಿಸಿದರೂ ಅದು ಮೋಟಾರನ್ನು ಕಾಯದು. ತಿರುಗಣೆಯನ್ನು ನಾಮಫಲಕದ ಅಂಕಿಗೆ ಇಡಬೇಕು, ಅದಕ್ಕಿಂತ ಮೇಲೆ ಎಂದಿಗೂ ಇಡಬಾರದು. ಟಾಂಗ್ ಟೆಸ್ಟರಿನಿಂದ ಅಳೆದಾಗ ಮೋಟಾರು ನಾಮಫಲಕಕ್ಕಿಂತ ಕಡಿಮೆ ಎಳೆಯುತ್ತಿದ್ದರೆ, ಓಡುವ ಕರೆಂಟಿಗಿಂತ ತುಸು ಮೇಲಕ್ಕೆ ಇಡಬಹುದು.

ತಿರುಗಣೆಯನ್ನು ಮೇಲೇರಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. 415 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆಯುವ ಮೋಟಾರು ಅಷ್ಟೇ ಹೊರೆಯನ್ನು 350 ವೋಲ್ಟಿನಲ್ಲಿ ಹೊರಬೇಕಾದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅಂದರೆ 1.2 ಪಟ್ಟು. ವೈಂಡಿಂಗಿನಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ, 1.2 ನ್ನು 1.2 ರಿಂದ ಗುಣಿಸಿದರೆ 1.44. ಹೀಗೆ ಶಾಖ ಶೇಕಡ 44 ರಷ್ಟು ಹೆಚ್ಚಾಯಿತು. ತಿರುಗಣೆ 7.5 ರಲ್ಲಿದ್ದರೆ ರಿಲೇ ಎರಡು ಗಂಟೆಯೊಳಗೆ ಮೋಟಾರನ್ನು ನಿಲ್ಲಿಸುತ್ತದೆ. 10 ರಲ್ಲಿದ್ದರೆ 9 ಆಂಪಿಯರ್ ಅದರ ಲೆಕ್ಕಕ್ಕೇ ಬರುವುದಿಲ್ಲ. ವೈಂಡಿಂಗ್ ದಿನವಿಡೀ ಬೇಯುತ್ತದೆ. ವೈಂಡಿಂಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ನಿರೋಧಕದ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ ಶಾಸ್ತ್ರದ ಒಂದು ಸ್ಥೂಲ ನಿಯಮ. ಒಂದು ಗಂಟೆ ಓಡಿ ಟ್ರಿಪ್ ಆಗುವ ರಿಲೇ ಕೆಟ್ಟಿರಬೇಕೆಂದಿಲ್ಲ. ಬಹಳ ಸಲ ಅದು ವೋಲ್ಟೇಜು ಕಡಿಮೆಯಾದುದನ್ನು ತಿಳಿಸುತ್ತಿರುತ್ತದೆ.

ಸ್ಟಾರ್-ಡೆಲ್ಟಾ ಸ್ಟಾರ್ಟರಿಗೆ ಲೆಕ್ಕ ಬೇರೆ

ಮೋಟಾರಿಗೆ ಆರು ವೈರುಗಳು ಹೋಗುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯನ್ನು ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲಿ ಕೂಡಿಸಿರುತ್ತಾರೆ. ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು ಮಾತ್ರ. ನಾಮಫಲಕದಲ್ಲಿ 20 ಆಂಪಿಯರ್ ಇದ್ದರೆ ತಿರುಗಣೆಯನ್ನು 20 ಗುಣಿಸು 0.58, ಅಂದರೆ 11.6 ಕ್ಕೆ ಇಡಬೇಕು. ಇಲ್ಲಿ 9–15 ರ ರಿಲೇ ಸರಿಯಾಗುತ್ತದೆ. ಇದನ್ನು ತಿಳಿಯದೆ 20 ಕ್ಕೆ ಇಟ್ಟರೆ ಮೋಟಾರಿಗೆ ರಕ್ಷಣೆಯೇ ಇಲ್ಲದಂತಾಗುತ್ತದೆ. ರಿಲೇ ಮೋಟಾರಿನ ವೈರುಗಳಲ್ಲಿದೆಯೋ ಒಳಬರುವ ಲೈನಿನಲ್ಲಿದೆಯೋ ಎಂಬುದನ್ನು ವಿದ್ಯುತ್ ಕೆಲಸಗಾರನಿಂದ ಖಚಿತಪಡಿಸಿಕೊಳ್ಳಿ. ಒಳಬರುವ ಲೈನಿನಲ್ಲಿದ್ದರೆ ಪೂರ್ತಿ ಅಂಕಿಯನ್ನೇ ಇಡಬೇಕು.

ಟ್ರಿಪ್ ವರ್ಗ

ರಿಲೇಯ ಮೇಲೆ ವರ್ಗ 10ಎ, 10, 20 ಅಥವಾ 30 ಎಂದು ಬರೆದಿರುತ್ತದೆ. ಇದು ಆಂಪಿಯರ್ ಅಲ್ಲ, ರಿಲೇಯ ಚುರುಕುತನದ ಅಳತೆ. ಮೋಟಾರು ಸಿಕ್ಕಿಹಾಕಿಕೊಂಡು ಇಟ್ಟ ಅಂಕಿಯ 7.2 ಪಟ್ಟು ಕರೆಂಟು ಹರಿದರೆ ವರ್ಗ 10 ರ ರಿಲೇ 10 ಸೆಕೆಂಡಿನೊಳಗೆ, ವರ್ಗ 20 ರದ್ದು 20 ಸೆಕೆಂಡಿನೊಳಗೆ, ವರ್ಗ 30 ರದ್ದು 30 ಸೆಕೆಂಡಿನೊಳಗೆ ಕಡಿಯಬೇಕು. ವರ್ಗ 10 ರ ರಿಲೇ ಉಳಿದ ಹೊರೆಗಳಲ್ಲಿ ಹೀಗೆ ನಡೆದುಕೊಳ್ಳಬೇಕೆಂದು ಮಾನಕ ಹೇಳುತ್ತದೆ:

1. ಇಟ್ಟ ಅಂಕಿಯ 1.05 ಪಟ್ಟಿನಲ್ಲಿ 2 ಗಂಟೆಯವರೆಗೆ ಟ್ರಿಪ್ ಆಗಬಾರದು.
2. ಅನಂತರ 1.2 ಪಟ್ಟಿಗೆ ಏರಿದರೆ 2 ಗಂಟೆಯೊಳಗೆ ಟ್ರಿಪ್ ಆಗಬೇಕು.
3. ಪೂರ್ಣ ಹೊರೆಯಲ್ಲಿ ಕಾದಿರುವಾಗ 1.5 ಪಟ್ಟಿಗೆ ಏರಿದರೆ 4 ನಿಮಿಷದೊಳಗೆ ಟ್ರಿಪ್ ಆಗಬೇಕು. ವರ್ಗ 10ಎ ಆದರೆ 2 ನಿಮಿಷದೊಳಗೆ.

ಸಬ್‌ಮರ್ಸಿಬಲ್ ಮೋಟಾರು ಸಣ್ಣ ಮೈಯದು, ಬೇಗ ಕಾಯುತ್ತದೆ. ಅದಕ್ಕೆ ವರ್ಗ 10ಎ ಅಥವಾ 10 ನ್ನೇ ಕೇಳಿ ಕೊಳ್ಳಿ. ವರ್ಗ 20 ಮತ್ತು 30 ಹೊರಡಲು ಹೆಚ್ಚು ಹೊತ್ತು ಹಿಡಿಯುವ ಭಾರಿ ಯಂತ್ರಗಳಿಗೆ.

ಒಂದು ಫೇಸು ಹೋದಾಗ

ಮೂರು ಫೇಸುಗಳಲ್ಲಿ ಒಂದು ಕಡಿದುಹೋದರೆ ಓಡುತ್ತಿರುವ ಮೋಟಾರು ಕೂಡಲೆ ನಿಲ್ಲದು. ಉಳಿದ ಎರಡರಲ್ಲಿ ಕರೆಂಟು ಸ್ಥೂಲವಾಗಿ 1.73 ಪಟ್ಟಾಗುತ್ತದೆ. ನಮ್ಮ 7.5 ಆಂಪಿಯರ್ ಮೋಟಾರಿನಲ್ಲಿ ಅದು 13 ಆಂಪಿಯರ್. ತಿರುಗಣೆ ಸರಿಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ರಿಲೇ ಕಡಿಯುತ್ತದೆ. ಆದರೆ 10 ಕ್ಕೆ ಏರಿಸಿಟ್ಟಿದ್ದರೆ 13 ಎಂಬುದು ಅದಕ್ಕೆ 1.3 ಪಟ್ಟು ಮಾತ್ರ. ಎರಡೇ ಫೇಸುಗಳಲ್ಲಿ ಕರೆಂಟು ಇರುವಾಗ ಸಾಧಾರಣ ರಿಲೇ 1.32 ಪಟ್ಟಿಗೆ 2 ಗಂಟೆಯೊಳಗೆ ಟ್ರಿಪ್ ಆದರೆ ಸಾಕೆಂದು ಮಾನಕದಲ್ಲಿದೆ. ಅಂದರೆ ಏರಿಸಿಟ್ಟ ರಿಲೇ ನಮ್ಮ ಮೋಟಾರಿಗಾಗಿ ಟ್ರಿಪ್ ಆಗದೆಯೂ ಇರಬಹುದು. ಅಷ್ಟರಲ್ಲಿ ವೈಂಡಿಂಗ್ ಸುಟ್ಟುಹೋಗಿರುತ್ತದೆ.

ಫೇಸು ಹೋದುದನ್ನು ಗುರುತಿಸುವ ಬಗೆಯ ರಿಲೇಗಳೂ ಇವೆ. ಇವು 1.15 ಪಟ್ಟಿಗೇ ಟ್ರಿಪ್ ಆಗುತ್ತವೆ. ಕೊಳ್ಳುವಾಗ ಇಂತಹುದನ್ನೇ ಕೇಳಿ. ಇದರ ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೆ ಮೋಟಾರು ಕೆಲವು ಸೆಕೆಂಡುಗಳಲ್ಲೇ ನಿಲ್ಲುತ್ತದೆ.

ಕಾಯಿಲಿನ ವೋಲ್ಟೇಜು

ಎ1, ಎ2 ಎಂಬ ಎರಡು ತಿರುಪುಗಳು ಕಾಯಿಲಿನವು. ಅದರ ಮೇಲೆ 240 ಅಥವಾ 415 ವೋಲ್ಟ್, 50 ಹರ್ಟ್ಸ್ ಎಂದಿರುತ್ತದೆ. ಒಂದು ಫೇಸು ಮತ್ತು ನ್ಯೂಟ್ರಲ್ ನಡುವೆ ಕೂಡಿಸುವುದಕ್ಕೆ 240 ರದ್ದು, ಎರಡು ಫೇಸುಗಳ ನಡುವೆ ಕೂಡಿಸುವುದಕ್ಕೆ 415 ರದ್ದು. ಅದಲುಬದಲಾದರೆ ಒಂದು ಸುಡುತ್ತದೆ, ಇನ್ನೊಂದು ಹಿಡಿಯುವುದೇ ಇಲ್ಲ.

ಸಾಧಾರಣ ಕಾಯಿಲು ತನ್ನ ವೋಲ್ಟೇಜಿನ ಶೇಕಡ 85 ರಿಂದ 110 ರವರೆಗೆ ಸರಿಯಾಗಿ ಹಿಡಿಯಬೇಕೆಂಬುದು ನಿಯಮ. 415 ರ ಕಾಯಿಲಿಗೆ ಶೇಕಡ 85 ಎಂದರೆ ಸುಮಾರು 353 ವೋಲ್ಟ್. ಅದಕ್ಕಿಂತ ಕೆಳಗೆ ಇಳಿದರೆ ಕಾಂಟ್ಯಾಕ್ಟರ್ ಪೂರ್ತಿ ಹಿಡಿಯಲಾರದೆ ಗುರ್ ಎಂದು ಸದ್ದು ಮಾಡುತ್ತದೆ. ಮುಖಗಳು ಕಿಡಿ ಹಾರಿ ಸವೆಯುತ್ತವೆ. ಆಗ ಬೆರಳಿನಿಂದಾಗಲಿ ಕಡ್ಡಿ ಸಿಕ್ಕಿಸಿಯಾಗಲಿ ಕಾಂಟ್ಯಾಕ್ಟರನ್ನು ಒತ್ತಿ ಹಿಡಿಯಬಾರದು. ಹಾಗೆ ಮಾಡಿದರೆ ರಿಲೇ ಟ್ರಿಪ್ ಆದರೂ ಮೋಟಾರು ನಿಲ್ಲದು, ಜೀವಕ್ಕೂ ಅಪಾಯ.

ಎಸಿ-1, ಎಸಿ-3

ಕಾಂಟ್ಯಾಕ್ಟರಿನ ಮೇಲೆ ಎರಡು ಆಂಪಿಯರ್ ಅಂಕಿಗಳಿರುವುದುಂಟು. ಎಸಿ-1 ಎಂಬುದು ಹೀಟರಿನಂತಹ ಹೊರೆಗೆ, ಎಸಿ-3 ಎಂಬುದು ಮೋಟಾರಿಗೆ. ಎಸಿ-1 ರಲ್ಲಿ 25 ಆಂಪಿಯರ್ ಎಂದಿರುವ ಕಾಂಟ್ಯಾಕ್ಟರ್ ಎಸಿ-3 ರಲ್ಲಿ ಕೇವಲ 9 ಆಂಪಿಯರಿನದಾಗಿರಬಹುದು. ದೊಡ್ಡ ಅಂಕಿ ನೋಡಿ ಮೋಸಹೋಗದೆ ಎಸಿ-3 ರ ಅಂಕಿಯನ್ನೇ ನೋಡಬೇಕು.

95–96 ಮತ್ತು ಎಚ್, ಎ

ರಿಲೇಯ 95–96 ಎಂಬ ತಿರುಪುಗಳ ನಡುವಿನ ದಾರಿ ಸಾಮಾನ್ಯವಾಗಿ ಕೂಡಿರುತ್ತದೆ, ಟ್ರಿಪ್ ಆದಾಗ ಕಡಿಯುತ್ತದೆ. ಕಾಯಿಲಿನ ವೈರು ಇದರ ಮೂಲಕವೇ ಹೋಗಬೇಕು. ಇವೆರಡನ್ನೂ ತಂತಿಯಿಂದ ಕಟ್ಟಿದ್ದರೆ ಆ ರಿಲೇ ಇದ್ದೂ ಪ್ರಯೋಜನವಿಲ್ಲ. 97–98 ಇದಕ್ಕೆ ವಿರುದ್ಧ. ಟ್ರಿಪ್ ಆದಾಗ ಕೂಡಿ ಎಚ್ಚರಿಕೆಯ ದೀಪ ಹೊತ್ತಿಸಲು ಬರುತ್ತದೆ.

ಎಚ್ ಎಂದರೆ ಕೈಯಿಂದ ರೀಸೆಟ್, ಎ ಎಂದರೆ ತಾನೇ ರೀಸೆಟ್. ಪಂಪ್‌ಸೆಟ್ಟಿಗೆ ಎಚ್ ಸ್ಥಾನವೇ ಸರಿ. ಕರೆಂಟು ಬಂದೊಡನೆ ಮೋಟಾರು ಹೊರಡಿಸುವ ಆಟೋ ಸ್ಟಾರ್ಟರ್ ಇರುವ ಕಡೆ ಇದು ಇನ್ನೂ ಮುಖ್ಯ. ರಿಲೇ ಎ ಸ್ಥಾನದಲ್ಲಿದ್ದರೆ ಪಟ್ಟಿ ಆರಿದೊಡನೆ ಬಿಸಿ ಮೋಟಾರು ಮತ್ತೆ ಹೊರಡುತ್ತದೆ, ಮತ್ತೆ ಟ್ರಿಪ್ ಆಗುತ್ತದೆ. ತೋಟದಲ್ಲಿ ಯಾರೂ ಇಲ್ಲದಿದ್ದರೆ ಇದು ಸುಡುವವರೆಗೆ ನಡೆಯಬಹುದು.

ರಿಲೇಗೆ ತಿಳಿಯದ ಸಂಗತಿ

ಕೊಳವೆ ಬಾವಿ ಬತ್ತಿ ಪಂಪು ಬರಿದಾಗಿ ಓಡಿದರೆ ಕರೆಂಟು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಆದ್ದರಿಂದ ಓವರ್‌ಲೋಡ್ ರಿಲೇ ಟ್ರಿಪ್ ಆಗುವುದಿಲ್ಲ. ನೀರಿನ ತಂಪಿಲ್ಲದೆ ಮೋಟಾರು, ಬೇರಿಂಗು ಹಾಳಾಗುತ್ತವೆ. ಇದಕ್ಕೆ ಡ್ರೈ ರನ್ ಪ್ರಿವೆಂಟರ್ ಬೇರೆಯೇ ಬೇಕು. ಹಾಗೆಯೇ ಈ ರಿಲೇ ಮನುಷ್ಯರನ್ನು ಶಾಕಿನಿಂದ ಕಾಯುವುದಿಲ್ಲ. ಅದಕ್ಕೆ ಒಳ್ಳೆಯ ಅರ್ಥಿಂಗ್ ಮತ್ತು ವಿದ್ಯುತ್ ಸೋರಿಕೆಯನ್ನು ಗುರುತಿಸಿ ಕಡಿಯುವ ಸ್ವಿಚ್ಚು ಬೇಕು.

ಟ್ರಿಪ್ ಆದಾಗ ಮಾಡಬೇಕಾದದ್ದು

1. ಮೇನ್ ಸ್ವಿಚ್ಚು ತೆಗೆಯದೆ ಪೆಟ್ಟಿಗೆಗೆ ಕೈ ಹಾಕಬೇಡಿ. ಆಟೋ ಸ್ಟಾರ್ಟರ್ ಇದ್ದರೆ ಮೋಟಾರು ಯಾವ ಕ್ಷಣದಲ್ಲಾದರೂ ಹೊರಡಬಹುದು.
2. ಪಟ್ಟಿ ಆರಲು ಕೆಲವು ನಿಮಿಷ ಬಿಟ್ಟು ರೀಸೆಟ್ ಗುಂಡಿ ಒತ್ತಿ.
3. ಮೂರೂ ಫೇಸುಗಳ ವೋಲ್ಟೇಜು ಸರಿಯಿದೆಯೇ, ಫ್ಯೂಸು ಹೋಗಿದೆಯೇ ನೋಡಿ. ವೋಲ್ಟೇಜು ಕಡಿಮೆಯಿದ್ದರೆ ಏರುವವರೆಗೆ ಕಾಯಿರಿ.
4. ತಿರುಪುಗಳು ಸಡಿಲವಾಗಿದ್ದರೆ ಅಲ್ಲಿ ಹುಟ್ಟುವ ಶಾಖದಿಂದಲೂ ರಿಲೇ ಟ್ರಿಪ್ ಆಗುತ್ತದೆ. ಬಿಗಿ ಮಾಡಿಸಿ.
5. ಪೆಟ್ಟಿಗೆ ಬಿಸಿಲಿಗೆ ಕಾಯುತ್ತಿದ್ದರೆ ನೆರಳು ಮಾಡಿ.
6. ಇಷ್ಟಾದರೂ ಮತ್ತೆ ಟ್ರಿಪ್ ಆದರೆ ಟಾಂಗ್ ಟೆಸ್ಟರಿನಿಂದ ಮೂರೂ ಫೇಸುಗಳ ಕರೆಂಟು ಅಳೆಸಿ. ಅಂಕಿ ನಾಮಫಲಕಕ್ಕಿಂತ ಹೆಚ್ಚಿದ್ದರೆ ದೋಷ ಇರುವುದು ಪಂಪು, ಬೇರಿಂಗು ಅಥವಾ ವೋಲ್ಟೇಜಿನಲ್ಲಿ. ಅಂಕಿ ಸರಿಯಿದ್ದೂ ಟ್ರಿಪ್ ಆದರೆ ಮಾತ್ರ ರಿಲೇ ಬದಲಿಸಿ.

ಅಂಗಡಿಗೆ ಹೋಗುವ ಮೊದಲು ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮೋಟಾರಿನ ಆಂಪಿಯರ್, ಸ್ಟಾರ್ಟರಿನ ಬಗೆ, ರಿಲೇಯ ವ್ಯಾಪ್ತಿ, ಟ್ರಿಪ್ ವರ್ಗ, ಫೇಸು ಹೋದುದನ್ನು ಗುರುತಿಸುವ ಬಗೆಯೇ ಎಂಬುದು, ಕಾಯಿಲಿನ ವೋಲ್ಟೇಜು. ತಂದ ಮೇಲೆ ತಿರುಗಣೆಯನ್ನು ಸರಿಯಾದ ಅಂಕಿಗೆ ಇಟ್ಟು, ಆ ಅಂಕಿಯನ್ನೂ ದಿನಾಂಕವನ್ನೂ ಪೆಟ್ಟಿಗೆಯ ಬಾಗಿಲಲ್ಲಿ ಬರೆಯಿರಿ. ಮುಂದೆ ಯಾರಾದರೂ ಅದನ್ನು ಏರಿಸಿದ್ದರೆ ಕೂಡಲೆ ಗೊತ್ತಾಗುತ್ತದೆ.