ಹಳೆಯ ಗಣಕಯಂತ್ರ ಮತ್ತು ಹೊಸ ಕಾರ್ಯಾಚರಣ ವ್ಯವಸ್ಥೆ

ಗಣಕಯಂತ್ರದಲ್ಲಿ ಕೈಗೆ ಸಿಗುವ ಭಾಗಗಳನ್ನು ಯಂತ್ರಾಂಶವೆಂದೂ, ಆ ಭಾಗಗಳನ್ನು ದುಡಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆಯೆಂದೂ ಕರೆಯುವುದು ವಾಡಿಕೆ. ವಿಂಡೋಸ್, ಲಿನಕ್ಸ್ ಮೊದಲಾದವು ಇಂತಹ ವ್ಯವಸ್ಥೆಗಳು. ಯಂತ್ರವು ವರ್ಷಗಳುರುಳಿದಂತೆ ಹಳೆಯದಾಗುತ್ತದೆ. ವ್ಯವಸ್ಥೆಯಾದರೋ ಮತ್ತೆ ಮತ್ತೆ ಹೊಸದಾಗುತ್ತಲೇ ಇರುತ್ತದೆ. ಹೊಸ ವ್ಯವಸ್ಥೆಯು ಹಳೆಯ ಯಂತ್ರದಲ್ಲಿಯೂ ನಡೆಯುವಂತೆ ಎಷ್ಟು ಕಾಲ ನೋಡಿಕೊಳ್ಳಬೇಕು, ಎಂದು ಕೈಬಿಡಬಹುದು, ಹಾಗೆಂದು ತೀರ್ಮಾನಿಸತಕ್ಕವರು ಯಾರು ಎಂಬುದು ಮೇಲುನೋಟಕ್ಕೆ ತಂತ್ರಜ್ಞರ ವಿಷಯ. ಆದರೆ ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ, ಪಟ್ಟಣದ ಕಛೇರಿಗಳಲ್ಲಿ ದುಡಿದು ದಾನವಾಗಿ ಬಂದ ಯಂತ್ರಗಳನ್ನು ನೆಚ್ಚಿದ ಶಾಲೆಗೆ ಇದು ತನ್ನ ಮನೆಯ ಪ್ರಶ್ನೆಯೇ ಆಗಿದೆ.

ಈ ಸೀಮೆಯವರಿಗೆ ಪ್ರಶ್ನೆಯ ಸ್ವರೂಪವು ರೈಲುಹಾದಿಯ ನಿದರ್ಶನದಿಂದ ಬೇಗ ಮನವರಿಕೆಯಾದೀತು. ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹುಬ್ಬಳ್ಳಿಯತ್ತ ಸಾಗುವ ಮಾರ್ಗವೂ, ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಮಾರ್ಗವೂ ಮೊದಲು 1000 ಮಿಲಿಮೀಟರ್ ಅಗಲದ ಮೀಟರ್‌ಗೇಜಿನವು. 1992ರಲ್ಲಿ ಏಕರೂಪ ಗೇಜಿನ ಯೋಜನೆ ಆರಂಭವಾದ ಮೇಲೆ ಇವು 1676 ಮಿಲಿಮೀಟರಿನ ಬ್ರಾಡ್‌ಗೇಜಾದವು. ಹಳೆಯ ಎಂಜಿನು ಎಷ್ಟೇ ಗಟ್ಟಿಯಾಗಿದ್ದರೂ ಈ ಹಳಿಯ ಮೇಲೆ ಓಡಲಾರದಾಯಿತು. ಎರಡನ್ನೂ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಗೇಜು ಬದಲಾಗುವಲ್ಲೆಲ್ಲ ಸರಕನ್ನು ಇಳಿಸಿ ಏರಿಸಬೇಕು. ಎರಡು ಬಗೆಯ ಬೋಗಿಗಳು ಬೇಕು, ಅವುಗಳನ್ನು ದುರಸ್ತಿಮಾಡಲು ಎರಡು ಬಗೆಯ ಏರ್ಪಾಡು ಬೇಕು. ಹಳೆಯದನ್ನು ಉಳಿಸಿಕೊಳ್ಳುವುದಕ್ಕೂ ದಿನನಿತ್ಯದ ಖರ್ಚುಂಟು ಎಂಬುದನ್ನು ಮರೆಯಲಾಗದು.

ಕಾರ್ಯಾಚರಣ ವ್ಯವಸ್ಥೆಯಲ್ಲಿ ಆ ಖರ್ಚು ಪರೀಕ್ಷೆಯ ರೂಪದಲ್ಲಿರುತ್ತದೆ. ಒಂದು ಸಾಲು ತಿದ್ದಿದರೂ ಬೆಂಬಲವಿರುವ ಪ್ರತಿಯೊಂದು ಬಗೆಯ ಯಂತ್ರದ ಮೇಲೂ ಅದು ಸರಿಯಾಗಿ ನಡೆಯುವುದೇ ಎಂದು ನೋಡಬೇಕು. ಲಿನಕ್ಸಿನ ಚರಿತ್ರೆಯೇ ಇದಕ್ಕೆ ಒಳ್ಳೆಯ ಪಾಠ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆದದ್ದು ಇಂಟೆಲ್ 386 ಪ್ರೊಸೆಸರಿನ ಯಂತ್ರಕ್ಕಾಗಿ. 1985ರಲ್ಲಿ ಬಂದ ಆ ಪ್ರೊಸೆಸರಿನಲ್ಲಿ ಮುಂದಿನವುಗಳಲ್ಲಿದ್ದ ಕೆಲವು ಆದೇಶಗಳೇ ಇರಲಿಲ್ಲ. ಆ ಕೊರತೆಯನ್ನು ತುಂಬಲು ಎಲ್ಲೆಡೆ ಅಡ್ಡದಾರಿಯ ಸಾಲುಗಳನ್ನು ಬರೆದಿಡಬೇಕಾಗಿತ್ತು. ಕೊನೆಗೆ 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಕರ್ನಲ್, ತಾನು ಹುಟ್ಟಿದ ಯಂತ್ರವನ್ನೇ ಬಿಟ್ಟುಕೊಟ್ಟಿತು. ಹೊಸ ಕರ್ನಲ್ಲನ್ನು 386ರ ಮೇಲೆ ನಡೆಸುವವರು ಇಲ್ಲವೆನ್ನುವಷ್ಟು ವಿರಳವಾಗಿದ್ದರು. ತವರಿನ ಮಮತೆಗೆ ಅಲ್ಲಿ ಎಡೆಯಿರಲಿಲ್ಲ; ಆ ತೀರ್ಮಾನ ನ್ಯಾಯವಾದದ್ದೇ ಸರಿ. 2001ರಲ್ಲಿ ಬಹಳ ಸದ್ದುಮಾಡಿ ಬಂದ ಇಟೇನಿಯಂ ಪ್ರೊಸೆಸರಿಗೂ 2024ರ ಜನವರಿಯ 6.7ನೆಯ ಕರ್ನಲ್ಲಿನಲ್ಲಿ ಇದೇ ಗತಿಯಾಯಿತು.

ವಿಂಡೋಸಿನ ಸಂಗತಿ ಬೇರೆ. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸಾಧನವಿರಬೇಕು. ಇಂಟೆಲ್ ಯಂತ್ರವಾದರೆ ಬಹುತೇಕ ಎಂಟನೆಯ ಪೀಳಿಗೆಯದೋ ಅದರ ಮುಂದಿನದೋ ಆಗಿರಬೇಕು. ಹೀಗಾಗಿ 2016ರಲ್ಲಿ ಕೊಂಡ, ಪಾಠಕ್ಕೂ ಲೆಕ್ಕಪತ್ರಕ್ಕೂ ಇಂದಿಗೂ ಸಮರ್ಥವಾದ ಯಂತ್ರ ಪಟ್ಟಿಯಿಂದ ಹೊರಗುಳಿಯುತ್ತದೆ. ಭದ್ರತೆಯ ಕಾರಣ ಸುಳ್ಳಲ್ಲ. ಆದರೂ ಬಳಸುವವರೇ ಇಲ್ಲದ ಯಂತ್ರವನ್ನು ಬಿಡುವುದಕ್ಕೂ, ಅಸಂಖ್ಯರು ಬಳಸುತ್ತಿರುವ ಯಂತ್ರದ ಮುಂದೆ ಬಾಗಿಲು ಹಾಕುವುದಕ್ಕೂ ಅಂತರವಿದೆ. ಮೊದಲನೆಯದು ಭಾರವನ್ನು ಇಳಿಸುವುದು; ಎರಡನೆಯದು ಭಾರವನ್ನು ತಯಾರಕನಿಂದ ಶಾಲೆಯ ಹೆಗಲಿಗೆ ದಾಟಿಸುವುದು. ಶಾಲೆಗಳಿಗೆ ಮೂರು ವರ್ಷಗಳ ಹೆಚ್ಚುವರಿ ಭದ್ರತಾ ತಿದ್ದುಪಡಿಗಳನ್ನು ಯಂತ್ರವೊಂದಕ್ಕೆ ಕ್ರಮವಾಗಿ 1, 2, 4 ಡಾಲರಿನ ದರದಲ್ಲಿ ಮೈಕ್ರೋಸಾಫ್ಟ್ ನೀಡಿದೆ. ದರ ಅಲ್ಪವೇ ಆದರೂ ಅವಧಿಯೂ ಅಲ್ಪವೇ.

ಹಾಗೆಂದು ಹಳೆಯದೆಲ್ಲವನ್ನೂ ಎತ್ತಿಹಿಡಿಯಲಾಗದು. ಕನ್ನಡದ ಮಟ್ಟಿಗಂತೂ ಹೊಸ ವ್ಯವಸ್ಥೆಗಳಿಂದ ಆದ ಉಪಕಾರ ದೊಡ್ಡದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಲಿಪಿ ವ್ಯವಸ್ಥೆಯೊಡನೆಯೇ ಬಂದಿತು. ಅದಕ್ಕೆ ಮೊದಲಿನ ಯಂತ್ರಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದರೆ ಪ್ರತ್ಯೇಕ ತಂತ್ರಾಂಶ ಹಾಕಿಕೊಳ್ಳಬೇಕಾಗಿತ್ತು.

ಬಳಕೆಯ ಕಾಲ ಮುಗಿದದ್ದನ್ನು ಉಳಿಸುವ ಮಾರ್ಗವೂ ಇಲ್ಲದಿಲ್ಲ. ಅದಕ್ಕೆ ನಿದರ್ಶನ ಅಜ್ಜಂಪುರದಲ್ಲಿಯೇ ಇದೆ. ಮೈಸೂರಿನ ಸೈನ್ಯದ ಸರಂಜಾಮನ್ನು ಎಳೆದ ಅಮೃತಮಹಲ್ ತಳಿಯ ದನಗಳಿಗೆ ಲಾರಿಗಳ ಕಾಲದಲ್ಲಿ ಆ ಕೆಲಸವಿಲ್ಲ. ಆದರೂ ತಳಿ ಉಳಿದಿರುವುದು, ಅದಕ್ಕಾಗಿ ಕಾವಲು ಭೂಮಿಯನ್ನು ಬಿಟ್ಟು, ಸಂವರ್ಧನ ಕೇಂದ್ರವನ್ನು ನಡೆಸಿ, ಮೇವು ಹಾಕುವ ಹೊಣೆಯನ್ನು ಸರ್ಕಾರ ಹೊತ್ತಿರುವುದರಿಂದ. ನೆಟ್‌ಬಿಎಸ್‌ಡಿ ಎಂಬ ಮುಕ್ತ ವ್ಯವಸ್ಥೆಯು 1977ರ ವ್ಯಾಕ್ಸ್ ಶ್ರೇಣಿಯ ಗಣಕಗಳಿಗೆ ಇನ್ನೂ ಬೆಂಬಲ ನೀಡುತ್ತಿರುವುದೂ ಹೀಗೆಯೇ. ತಯಾರಿಸಿದ ಡಿಜಿಟಲ್ ಸಂಸ್ಥೆ 1998ರಲ್ಲಿಯೇ ಕಾಂಪ್ಯಾಕ್ ಸಂಸ್ಥೆಯ ಪಾಲಾದರೂ, ಯಂತ್ರವನ್ನು ಇಟ್ಟುಕೊಂಡು ಪರೀಕ್ಷಿಸುವ ಆಸಕ್ತರು ಉಳಿದಿದ್ದಾರೆ. ಮೂಲಸಾಲುಗಳು ಬಹಿರಂಗವಾಗಿರುವುದರಿಂದ ಅವರಿಗೆ ಇದು ಸಾಧ್ಯವಾಯಿತು. ಮುಚ್ಚಿಟ್ಟ ವ್ಯವಸ್ಥೆಯಲ್ಲಿ ತಯಾರಕನು ಕೈಬಿಟ್ಟ ಮೇಲೆ ಹೊಣೆ ಹೊರಲು ಸಿದ್ಧರಿರುವವರಿಗೂ ದಾರಿಯಿಲ್ಲ.

ಮುಕ್ತ ವ್ಯವಸ್ಥೆಯಲ್ಲಿಯೂ ಹೊರುವವರು ಬೇಕೇ ಬೇಕು. ಲಿನಕ್ಸ್ ಆಧರಿಸಿದ ಡೆಬಿಯನ್ 2025ರ ಆಗಸ್ಟಿನ 13ನೆಯ ಆವೃತ್ತಿಯಿಂದ 32 ಬಿಟ್ಟಿನ ಪಿಸಿಗಳಿಗೆ ಕರ್ನಲ್ಲನ್ನಾಗಲಿ ಸ್ಥಾಪನಾ ತಂತ್ರಾಂಶವನ್ನಾಗಲಿ ಒದಗಿಸುತ್ತಿಲ್ಲ. 12ನೆಯ ಆವೃತ್ತಿಯ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಮಾತ್ರ. ಆದ್ದರಿಂದ ಯಂತ್ರಗಳನ್ನು ಕೊಡುವ ದಾನಿಗಳು ಎಷ್ಟು ಕೊಟ್ಟೆವೆಂಬುದರ ಜೊತೆಗೆ, ಅವು 64 ಬಿಟ್ಟಿನವೇ, ಯಾವ ವ್ಯವಸ್ಥೆಯು ಯಾವ ವರ್ಷದವರೆಗೆ ಅವುಗಳ ಮೇಲೆ ನಡೆಯಬಲ್ಲದು ಎಂಬುದನ್ನು ಬರೆದುಕೊಟ್ಟರೆ ಶಾಲೆಗೆ ಮಹದುಪಕಾರವಾಗುತ್ತದೆ. ವಿಂಡೋಸ್ 11ಕ್ಕೆ ಒಗ್ಗದ 64 ಬಿಟ್ಟಿನ ಯಂತ್ರವು ಲಿನಕ್ಸಿನಲ್ಲಿ ಇನ್ನೂ ಕೆಲವು ವರ್ಷ ನಿರಾತಂಕವಾಗಿ ದುಡಿಯಬಲ್ಲದು. ಆದರೆ ಅದನ್ನು ಬಲ್ಲ ಒಬ್ಬ ಉಪಾಧ್ಯಾಯರಾದರೂ ಶಾಲೆಯಲ್ಲಿರಬೇಕು.

ಕಛೇರಿಯ ಹಳೆಯ ಯಂತ್ರವನ್ನು ಹಲವೆಡೆ ಬಿಡದಿರುವುದಕ್ಕೆ ಮತ್ತೊಂದು ಕಾರಣ, ಅದರಲ್ಲಿರುವ ಹಳೆಯ ನುಡಿ ಲಿಪಿಯ ಪತ್ರಗಳು. ಅವು ಕಟ್ಟುಬಿದ್ದಿರುವುದು ಲಿಪಿಗೇ ಹೊರತು ಯಂತ್ರಕ್ಕಲ್ಲ. ಪರಿವರ್ತಕ ತಂತ್ರಾಂಶದಿಂದ ಅವುಗಳನ್ನು ಯೂನಿಕೋಡಿಗೆ ಬದಲಿಸಬಹುದು. ದಾಖಲಾತಿ ಪಟ್ಟಿಗಳನ್ನೂ ಸಭಾ ನಡವಳಿಗಳನ್ನೂ ಹೀಗೆ ಬದಲಿಸಿ, ಒಂದೊಂದು ಪುಟವನ್ನು ಮೂಲದೊಡನೆ ಹೋಲಿಸಿ ನೋಡಿದ ಬಳಿಕವೇ ಯಂತ್ರವನ್ನು ವಿಲೇವಾರಿ ಮಾಡತಕ್ಕದ್ದು.