ಹಸಿರು ಸೂಜಿ ಎಲೆಯೊಳಗಿನ ಶಿಲೀಂಧ್ರ: ಹುಡುಕುವುದು ಹೇಗೆ?

ಸ್ಕಾಟ್ಸ್ ಪೈನ್ ಮರದಲ್ಲಿ ಒಂದು ಚುಕ್ಕೆಯೂ ಇಲ್ಲದ, ಎರಡು ವರ್ಷ ಹಳೆಯ ಹಸಿರು ಸೂಜಿ ಎಲೆಯೊಳಗೂ ಶಿಲೀಂಧ್ರ ಇರುವ ಸಂಭವವೇ ಹೆಚ್ಚು. ಗಿಡಕ್ಕೆ ಕಾಯಿಲೆ ತರದೆ ಅದರ ಒಳಗೇ ಬದುಕುವ ಇಂಥವನ್ನು ಎಂಡೊಫೈಟ್ ಎನ್ನುತ್ತಾರೆ. ಯುರೋಪಿನಲ್ಲಿ ಅರಣ್ಯಶಾಸ್ತ್ರ, ಸಸ್ಯವಿಜ್ಞಾನ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಕಣ್ಣಾರೆ ನೋಡಬಹುದು.

ಎಲೆ ಆಯ್ಕೆ: ಒಂದೇ ಕೊಂಬೆಯಿಂದ ಈ ವರ್ಷದ ಎಲೆ, ಹಳೆಯ ಎಲೆ ಎರಡನ್ನೂ ತನ್ನಿ. ಶಿಲೀಂಧ್ರದ ಬೀಜಕಗಳು ಮಳೆ, ಗಾಳಿಯ ಮೂಲಕ ಹೊರಗಿನಿಂದ ಬರುವುದರಿಂದ, ಹೊಸ ಎಲೆಗಿಂತ ಹಳೆಯದರಲ್ಲಿ ಅವು ಜಾಸ್ತಿ.

ಹೊರಮೈ ಶುದ್ಧಿ: ಇಡೀ ಪ್ರಯೋಗ ನಿಂತಿರುವುದೇ ಇದರ ಮೇಲೆ. ನಲ್ಲಿ ನೀರಿನಲ್ಲಿ ತೊಳೆದ ಎಲೆಯನ್ನು ಶೇ 70ರ ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ ಅದ್ದಿ, ನೀರಿನಲ್ಲಿ ಜಾಲಿಸಿ. ಆಮೇಲೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಮೂರರಿಂದ ಐದು ನಿಮಿಷ ಇಟ್ಟು, ಕ್ರಿಮಿಶುದ್ಧ ನೀರಿನಲ್ಲಿ ಎರಡು-ಮೂರು ಸಲ ಜಾಲಿಸಿ. ಆಲ್ಕೋಹಾಲನ್ನೂ ಹೈಪೋಕ್ಲೋರೈಟನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಲೇಬಾರದು. ಶುದ್ಧವಾದ ಎಲೆಯನ್ನು ಬೇರೊಂದು ಅಗರ್ ತಟ್ಟೆಯ ಮೇಲೆ ಒಮ್ಮೆ ಒತ್ತಿ ತೆಗೆಯಿರಿ. ಆ ಗುರುತಿನಲ್ಲಿ ಬೂಷ್ಟು ಬೆಳೆದರೆ ಹೊರಮೈ ಶುದ್ಧವಾಗಿಲ್ಲ ಎಂದೇ ಅರ್ಥ. ಆ ಫಲಿತಾಂಶವನ್ನು ಕೈಬಿಡಿ.

ಬೆಳೆಸುವುದು: ಎಲೆಯನ್ನು ಅರ್ಧ ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ ಮಾಲ್ಟ್ ಅಗರ್ ಮೇಲಿಟ್ಟು, ತಟ್ಟೆ ಮುಚ್ಚಿ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬೇಗ ಬೆಳೆಯುವವು ವಾರದೊಳಗೇ ಕಾಣುತ್ತವೆ. ಅವುಗಳ ಅಂಚಿನ ಚೂರನ್ನು ಆಗಾಗ ಹೊಸ ತಟ್ಟೆಗೆ ವರ್ಗಾಯಿಸುತ್ತಿರಿ, ಇಲ್ಲದಿದ್ದರೆ ನಿಧಾನವಾಗಿ ಬೆಳೆಯುವವನ್ನು ಅವು ಮುಚ್ಚಿಬಿಡುತ್ತವೆ. ಕನಿಷ್ಠ ಒಂದು ತಿಂಗಳಾದರೂ ಕಾಯಿರಿ.

ಫಲಿತಾಂಶ ಓದುವುದು: ತಟ್ಟೆಯಲ್ಲಿ ಶಿಲೀಂಧ್ರ ಬಂತೆಂದು ಮರಕ್ಕೆ ರೋಗದ ಹಣೆಪಟ್ಟಿ ಹಚ್ಚಬೇಡಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಲೋಫೋಡರ್ಮಿಯಂ ಪಿನಾಸ್ಟ್ರಿ, ಎಲೆ ಮುಪ್ಪಾಗಿ ಉದುರುವವರೆಗೂ ತೆಪ್ಪಗಿರುತ್ತದೆ. ಮರದಡಿಯ ಒಣ ಎಲೆಯೊಂದನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿ: ಅಡ್ಡಡ್ಡ ಎಳೆದ ಸಣ್ಣ ಕಪ್ಪು ಗೆರೆಗಳು, ನಡುವೆ ಉದ್ದಕ್ಕೆ ಸೀಳಿರುವ ಕಪ್ಪು ಅಂಡಾಕಾರದ ಉಬ್ಬುಗಳು. ಒದ್ದೆಯಾದಾಗ ಆ ಸೀಳು ತೆರೆದು ಬೀಜಕಗಳು ಹೊರಬರುತ್ತವೆ. ಇದರ ದಾಯಾದಿ ಲೋಫೋಡರ್ಮಿಯಂ ಸೆಡಿಷಿಯೋಸಂ ಮಾತ್ರ ನರ್ಸರಿಯ ಎಳೆಯ ಸಸಿಗಳಿಗೆ ನಿಜವಾದ ಶತ್ರು. 1978ರಲ್ಲಿ ಮಿಂಟರ್, ಸ್ಟೇಲಿ ಮತ್ತು ಮಿಲ್ಲರ್ ಅದನ್ನು ಬೇರೆಯೇ ಜಾತಿಯೆಂದು ವಿವರಿಸುವವರೆಗೆ ಅದರ ಅಪವಾದವನ್ನೂ ಪಿನಾಸ್ಟ್ರಿಯೇ ಹೊತ್ತಿತ್ತು. ಈ ವಿಂಗಡಣೆ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಔಷಧಿ ಸಿಂಪಡಿಸಬೇಕೇ ಬೇಡವೇ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಕೆಲವು ಶಿಲೀಂಧ್ರಗಳು ಪರಿಸ್ಥಿತಿ ನೋಡಿ ಬಣ್ಣ ಬದಲಿಸುತ್ತವೆ. ಡಿಪ್ಲೋಡಿಯಾ ಸಪಿನಿಯಾ ಆರೋಗ್ಯವಂತ ಪೈನ್‌ನಲ್ಲಿ ಸುಮ್ಮನಿದ್ದು, ಬರ ಅಥವಾ ಆಲಿಕಲ್ಲಿನ ಹೊಡೆತಕ್ಕೆ ಮರ ಸೋತಾಗ ಚಿಗುರುಗಳನ್ನು ಒಣಗಿಸುತ್ತದೆ. ಆದ್ದರಿಂದ ಎಲೆ ತಂದ ದಿನವೇ ಮರದ ವಯಸ್ಸು, ಹಿಂದಿನ ಬೇಸಿಗೆಯ ಮಳೆ, ಕೊಂಬೆಗೆ ಆದ ಗಾಯ ಇವನ್ನೂ ಬರೆದಿಡಿ. ನರ್ಸರಿ ಸಸಿಗಳ ಎಲೆ ಶರತ್ಕಾಲದಲ್ಲಿ ಚುಕ್ಕೆಯಾಗಿ ವಸಂತದಲ್ಲಿ ಕೆಂಪೇರಿ ಉದುರುತ್ತಿದ್ದರೆ, ಆ ಎಲೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ ಸಸ್ಯರೋಗ ಪ್ರಯೋಗಾಲಯಕ್ಕೆ ಕೊಡಿ. ಪ್ಲಾಸ್ಟಿಕ್ ಚೀಲ ಬೇಡ, ಅದರಲ್ಲಿ ಬೆವರಿ ಬೇರೆ ಬೂಷ್ಟು ಹಿಡಿಯುತ್ತದೆ.