ದುರ್ಗಸಿಂಹನ ‘ಪಂಚತಂತ್ರ’: ಅದ್ಭುತದ ನಿಯಮ ಮತ್ತು ಮಾತಿನ ಪರೀಕ್ಷೆ

ಕನ್ನಡದಲ್ಲಿ ವಿಜ್ಞಾನ ಕಥೆ ಹಾಗೂ ಅದ್ಭುತ ಕಥನಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದಿಂದ ಆರಂಭವಾಗುತ್ತದೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980), ಚಂದ್ರಶೇಖರ ಕಂಬಾರರ ಶಿವಾಪುರದ ಕಥನಗಳು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಪ್ರಾಚೀನ ಸಾಹಿತ್ಯದ ಅದ್ಭುತವನ್ನು ಮಾತ್ರ ‘ಪುರಾಣ’ ಅಥವಾ ‘ನೀತಿ’ ಎಂಬ ಹೆಸರಿನಲ್ಲಿ ಬದಿಗಿರಿಸುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಹೆಚ್ಚು ನಷ್ಟಕ್ಕೆ ಒಳಗಾದ ಕೃತಿ ದುರ್ಗಸಿಂಹನ ‘ಪಂಚತಂತ್ರ’. ಪಠ್ಯಪುಸ್ತಕಗಳಲ್ಲಿ ಅದು ನೀತಿಪಾಠವಾಗಿ, ಸಾಹಿತ್ಯ ಚರಿತ್ರೆಗಳಲ್ಲಿ ಸಂಸ್ಕೃತ ಆಕರವೊಂದರ ಕನ್ನಡ ರೂಪವಾಗಿ ಉಳಿದಿದೆ. ಪ್ರಾಣಿಗಳು ಮಾತನಾಡುವ ಒಂದು ಲೋಕವನ್ನು ಈ ಕವಿ ಯಾವ ನಿಯಮಗಳ ಮೇಲೆ ಕಟ್ಟಿದ್ದಾನೆ, ಆ ಲೋಕದಲ್ಲಿ ಮಾತಿಗೆ ಇರುವ ಬೆಲೆ ಏನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕವಿ ಮತ್ತು ಸೀಮೆ

ದುರ್ಗಸಿಂಹ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರ ತನ್ನ ಊರೆಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು ವಿದ್ವಾಂಸರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿಯೊಂದಿಗೆ ಗುರುತಿಸಿದ್ದಾರೆ. ಇಂದು ಸವಡಿ, ಸೂಡಿಗಳ ಸುತ್ತ ಹರಡಿರುವ ಈ ಸೀಮೆ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಆಡಳಿತದ ಅಂಚಿನ ಪ್ರದೇಶವಾಗಿರಲಿಲ್ಲ. ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳೆಂಬುದನ್ನು ಶಾಸನಗಳು ತಿಳಿಸುತ್ತವೆ. ಸೂಡಿ ಆ ಆಡಳಿತದ ಮುಖ್ಯ ಕೇಂದ್ರಗಳಲ್ಲಿ ಒಂದಾಗಿತ್ತು. ಹೀಗಾಗಿ ದುರ್ಗಸಿಂಹನು ರಾಜಕಾರಣವನ್ನು ಗ್ರಂಥಗಳಿಂದಷ್ಟೇ ಅರಿತವನಲ್ಲ; ಅಧಿಕಾರ ನಿತ್ಯ ವ್ಯವಹಾರವಾಗಿದ್ದ ನೆಲದಿಂದ ಬಂದವನು.

ಕವಿಯ ಕಾಲದ ನಿರ್ಣಯವೂ ಇಲ್ಲಿ ಮುಖ್ಯವಾಗುತ್ತದೆ. ಆರಂಭದ ಚರಿತ್ರಕಾರರು ಕವಿಯ ಆಶ್ರಯದಾತನನ್ನು ಇಮ್ಮಡಿ ಜಗದೇಕಮಲ್ಲನೆಂದು ಭಾವಿಸಿ, ಕೃತಿಯನ್ನು ಕ್ರಿ.ಶ. 1145ರ ಸುಮಾರಿಗೆ ಇರಿಸಿದ್ದರು. ‘ಜಗದೇಕಮಲ್ಲ’ ಎಂಬುದು ಜಯಸಿಂಹನ ಬಿರುದೂ ಆಗಿದ್ದುದು ಈ ಗೊಂದಲಕ್ಕೆ ಕಾರಣ. ಪ್ರಜಾಪತಿ ಸಂವತ್ಸರದ ಚೈತ್ರ ಮಾಸವನ್ನು ಹೇಳುವ ಪದ್ಯದ ಆಧಾರದಿಂದ ಮುಂದೆ ಕೃತಿಯ ಕಾಲ 1031 ಎಂದು ನಿಶ್ಚಿತವಾಯಿತು. ಆಗ ಜಯಸಿಂಹನು ದಕ್ಷಿಣದಲ್ಲಿ ರಾಜೇಂದ್ರ ಚೋಳ, ಉತ್ತರದಲ್ಲಿ ಪರಮಾರ ಭೋಜ ಇವರನ್ನು ಎದುರಿಸಬೇಕಾಗಿದ್ದ ಅರಸ. ಇಂಥ ಆಳ್ವಿಕೆಯಲ್ಲಿ ಸಂಧಿ ಮತ್ತು ವಿಗ್ರಹಗಳ ಹೊಣೆ ಹೊತ್ತವನಿಗೆ ಪರರಾಜ್ಯದಿಂದ ಬಂದ ಮಾತನ್ನು ತೂಗಿ ನೋಡುವುದೇ ವೃತ್ತಿ. ಕೃತಿಯ ಓದಿಗೆ ಈ ಸಂಗತಿ ಕೀಲಿಕೈಯಾಗಬಲ್ಲದು.

2. ಆಕರ ಮತ್ತು ಆಯ್ಕೆ

ದುರ್ಗಸಿಂಹ ಅನುಸರಿಸಿರುವುದು ಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಗುಣಾಢ್ಯನ ‘ಬೃಹತ್ಕಥೆ’ಯಿಂದ ವಸುಭಾಗ ಆಯ್ದ ಐದು ಕಥೆಗಳೇ ತನಗೆ ಮೂಲವೆಂದು ಅವನು ಸೂಚಿಸುತ್ತಾನೆ. ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬವು ಆ ಐದು ಪ್ರಕರಣಗಳು. ವಸುಭಾಗನ ಶಾಖೆಗೆ ಜಾವಾದ ‘ತಂತ್ರಿ ಕಾಮಂದಕ’ ಮೊದಲಾದ ಆಗ್ನೇಯ ಏಷ್ಯಾದ ಕಥಾಸಂಗ್ರಹಗಳೊಂದಿಗೆ ಇರುವ ನಂಟನ್ನು ಎ. ವೆಂಕಟಸುಬ್ಬಯ್ಯನವರ ಸಂಶೋಧನೆಗಳು ತೋರಿಸಿಕೊಟ್ಟಿವೆ. ಈ ಶಾಖೆಯ ಅಧ್ಯಯನಕ್ಕೆ ಕನ್ನಡ ಪಠ್ಯ ಅನಿವಾರ್ಯವಾದ ಆಧಾರ. ಇಷ್ಟಾದರೂ ಆಕರಶೋಧದಲ್ಲಿ ಕೃತಿಯ ಮಹತ್ವ ಎಷ್ಟು ಬೆಳೆದಿದೆಯೋ, ಕಥನವಾಗಿ ಅದರ ವಿಮರ್ಶೆ ಅಷ್ಟು ಬೆಳೆದಿಲ್ಲ.

ಪ್ರಕರಣಗಳ ಹೆಸರುಗಳನ್ನೇ ಗಮನಿಸಬೇಕು. ಒಡೆಯುವುದು, ಪರೀಕ್ಷಿಸುವುದು, ನಂಬುವುದು, ವಂಚಿಸುವುದು, ಸ್ನೇಹಿತರಿಂದ ಕಾರ್ಯ ಸಾಧಿಸುವುದು – ಇವೆಲ್ಲವೂ ಮಾತಿನ ಮೂಲಕ ನಡೆಯುವ ಕ್ರಿಯೆಗಳು. ತೋಳ್ಬಲದ ಹೆಸರು ಹೊತ್ತ ಪ್ರಕರಣ ಒಂದೂ ಇಲ್ಲ.

3. ಅದ್ಭುತದ ಎರಡು ಬಗೆ

ಫ್ರೆಂಚ್ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದ್ಭುತ ಕಥನಕ್ಕೆ ಒಂದು ಗಡಿ ಹಾಕಿದ್ದಾನೆ. ನಡೆದದ್ದು ಲೌಕಿಕವೋ ಅಲೌಕಿಕವೋ ಎಂಬ ಸಂದೇಹ ಓದುಗನಲ್ಲಿ ಉಳಿದಿರುವವರೆಗೆ ಮಾತ್ರ ಅವನ ಅರ್ಥದ ಅದ್ಭುತ ಇರುತ್ತದೆ. ಲೌಕಿಕ ಕಾರಣ ಹೊರಬಿದ್ದರೆ ಅಥವಾ ಅಲೌಕಿಕವನ್ನು ಇದ್ದಂತೆಯೇ ಒಪ್ಪಿಕೊಂಡರೆ ಕಥನ ಬೇರೆ ಪ್ರಕಾರಕ್ಕೆ ಸರಿಯುತ್ತದೆ. ಪ್ರಾಣಿಕಥೆಗಳಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿನ ಮಾತನ್ನು ಓದುಗ ಅನ್ಯೋಕ್ತಿಯಾಗಿಯೇ ಸ್ವೀಕರಿಸುತ್ತಾನೆ. ಈ ವರ್ಗೀಕರಣವನ್ನು ಹಾಗೆಯೇ ಒಪ್ಪಿದರೆ ದುರ್ಗಸಿಂಹನ ಕೃತಿ ಚರ್ಚೆಯ ಹೊರಗೆ ಉಳಿಯಬೇಕಾಗುತ್ತದೆ. ಆದರೆ ಕೃತಿಯೊಳಗಿನ ಒಂದು ಕಥೆ ಈ ನಿಲುವನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಅದು ಶಾಲಾ ಪಠ್ಯದ ಮೂಲಕ ಎಲ್ಲರಿಗೂ ಪರಿಚಿತವಾದ ‘ವೃಕ್ಷಸಾಕ್ಷಿ’ ಪ್ರಸಂಗ. ಧರ್ಮಬುದ್ಧಿ, ದುಷ್ಟಬುದ್ಧಿ ಎಂಬ ಇಬ್ಬರು ವರ್ತಕರು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಅದನ್ನು ಕದ್ದು, ಗೆಳೆಯನ ಮೇಲೆ ಆರೋಪ ಹೊರಿಸಿ, ಮರವೇ ಸಾಕ್ಷಿ ಎನ್ನುತ್ತಾನೆ. ಇರುಳಿನಲ್ಲಿ ತನ್ನ ತಂದೆ ಪ್ರೇಮಮತಿಯನ್ನು ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ಮರುದಿನ ಧರ್ಮಾಧಿಕರಣದವರ ಎದುರಿನಲ್ಲಿ ಮರ ‘ನುಡಿಯುತ್ತದೆ’, ನೆರೆದವರು ಬೆರಗಾಗುತ್ತಾರೆ. ಧರ್ಮಬುದ್ಧಿ ಮಾತ್ರ ಆ ನುಡಿಯ ಹಿಂದೆ ಕೃತ್ರಿಮವಿದೆಯೆಂದು ತರ್ಕಿಸಿ, ಮರವನ್ನು ಪರಿಶೀಲಿಸಿ, ಪೊಟರೆಗೆ ಹೊಗೆಯಿಕ್ಕುತ್ತಾನೆ. ಸತ್ಯ ಹೊರಬೀಳುತ್ತದೆ, ಮುದುಕ ಪ್ರಾಣ ನೀಗುತ್ತಾನೆ.

ಪಂಚತಂತ್ರದ ಪರಂಪರೆಯಲ್ಲಿ ಈ ಕಥೆಯನ್ನು ಹೇಳುವುದು ಕರಟಕನೆಂಬ ನರಿ, ಕೇಳುವುದು ದಮನಕನೆಂಬ ನರಿ. ನರಿ ಮಾತನಾಡುವುದನ್ನು ಪ್ರಶ್ನಿಸದೆ ಒಪ್ಪುವ ಕೃತಿಯಲ್ಲಿಯೇ ಮರ ಮಾತನಾಡುವುದು ಮೋಸವೆಂದು ಸಾಬೀತಾಗುತ್ತದೆ. ಕಥಾಲೋಕದ ನಿಯಮವಾಗಿ ಬರುವ ಅದ್ಭುತಕ್ಕೆ ವಿವರಣೆ ಬೇಕಿಲ್ಲ. ಕಥಾಲೋಕದೊಳಗೆ ಸಾಕ್ಷ್ಯವಾಗಿ ಬರುವ ಅದ್ಭುತ ಮಾತ್ರ ಪರೀಕ್ಷೆಗೆ ಒಳಪಡಲೇಬೇಕು. ತೊದೊರೊವ್ ಹೇಳುವ ಸಂದೇಹ ಇಲ್ಲಿ ಇಲ್ಲದೆ ಇಲ್ಲ. ಅದು ಓದುಗನಿಂದ ಪಾತ್ರಕ್ಕೆ ವರ್ಗಾವಣೆಯಾಗಿದೆ. ಧರ್ಮಬುದ್ಧಿಯ ಸಂದೇಹವೇ ಕಥೆಯ ಚಾಲಕಶಕ್ತಿ.

4. ಮಾತಿನೊಳಗೆ ಅಡಗಿದವರು

ಒಳಕಥೆಯ ಈ ವಿನ್ಯಾಸ ಹೊರಕಥೆಗೂ ಬೆಳಕು ಬೀರುತ್ತದೆ. ಸಿಂಹ ಮತ್ತು ಎತ್ತಿನ ಸ್ನೇಹವನ್ನು ಮುರಿಯುವ ದಮನಕ ಬಲಪ್ರಯೋಗ ಮಾಡುವುದಿಲ್ಲ. ಅವನು ಒಬ್ಬನ ಮಾತೆಂದು ಇನ್ನೊಬ್ಬನಿಗೆ ಸುಳ್ಳನ್ನು ತಲುಪಿಸುತ್ತಾನೆ. ಇಬ್ಬರೂ ಎದುರುಬದುರಾದಾಗ ಪರಸ್ಪರರ ಅಂಜಿಕೆಯ ಚಹರೆಯನ್ನೇ ದ್ರೋಹದ ಗುರುತೆಂದು ಓದಿಕೊಳ್ಳುತ್ತಾರೆ. ಪೊಟರೆಯಲ್ಲಿ ಪ್ರೇಮಮತಿ ಅಡಗಿದಂತೆ ಸಿಂಹದ ಮಾತಿನೊಳಗೆ, ಎತ್ತಿನ ಮಾತಿನೊಳಗೆ ದಮನಕ ಅಡಗಿದ್ದಾನೆ. ಅಲ್ಲಿ ಹೊಗೆಯಿಕ್ಕುವ ಧರ್ಮಬುದ್ಧಿ ಇದ್ದ; ಇಲ್ಲಿ ಯಾರೂ ಇಲ್ಲ. ಆದ್ದರಿಂದ ಒಂದು ಕಥೆ ನ್ಯಾಯದಲ್ಲಿ, ಇನ್ನೊಂದು ಕೊಲೆಯಲ್ಲಿ ಮುಗಿಯುತ್ತದೆ. ಕಾಗೆ–ಗೂಬೆಗಳ ವೈರದ ಕಥೆಯಲ್ಲಿಯೂ ತನ್ನವರಿಂದ ಹೊರದೂಡಲ್ಪಟ್ಟವನಂತೆ ನಟಿಸಿ ಬಂದ ಕಾಗೆಯ ಮಾತನ್ನು ಗೂಬೆಗಳ ಅರಸ ನಂಬುತ್ತಾನೆ. ಅನುಮಾನಿಸಿದ ಮಂತ್ರಿಯ ಎಚ್ಚರಿಕೆಗೆ ಬೆಲೆ ಸಿಗುವುದಿಲ್ಲ, ಗೂಬೆಗಳು ನಾಶವಾಗುತ್ತವೆ.

ಸಂಧಿವಿಗ್ರಹಿಯೊಬ್ಬನಿಗೆ ಇದು ಕಾಲ್ಪನಿಕ ಸಮಸ್ಯೆಯಲ್ಲ. ದೂತನ ಬಾಯಲ್ಲಿ ಬಂದ ಮಾತು ಯಾರದು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಯುದ್ಧವೇ ಆಗಬಹುದು. ಅರಮನೆಯ ಮನುಷ್ಯರನ್ನು ಇಟ್ಟುಕೊಂಡು ಹೇಳಲಾಗದ ಸಂಗತಿಗಳನ್ನು ಕಾಡಿನ ಲೋಕದಲ್ಲಿ ಪೂರ್ಣವಾಗಿ ಹೇಳಲು ಅವನಿಗೆ ಸಾಧ್ಯವಾಗಿದೆ.

ಈ ಓದಿಗೆ ಒಂದು ಆಕ್ಷೇಪ ಬರಬಹುದು. ವೃಕ್ಷಸಾಕ್ಷಿಯಾಗಲಿ ದಮನಕನ ತಂತ್ರವಾಗಲಿ ದುರ್ಗಸಿಂಹನ ಸೃಷ್ಟಿಯಲ್ಲ. ಅವು ಪರಂಪರೆಯಿಂದ ಬಂದವು. ಆಕ್ಷೇಪ ಸರಿಯಾದದ್ದೇ. ಆದರೆ ಪಂಪ, ಪೊನ್ನರನ್ನು ಸ್ಮರಿಸುವ ಕವಿಯೊಬ್ಬ ಅವರಂತೆ ಇತಿಹಾಸ–ಪುರಾಣಗಳ ವೀರರನ್ನು ಆರಿಸದೆ, ಮಾತಿನ ಗೆಲುವು–ಸೋಲುಗಳನ್ನೇ ವಸ್ತುವಾಗುಳ್ಳ ಕಥಾಚಕ್ರವನ್ನು ಚಂಪುವಿನ ಘನತೆಗೆ ಏರಿಸಿದ್ದು ಒಂದು ಸ್ಪಷ್ಟವಾದ ಆಯ್ಕೆ. ಸ್ವಂತಿಕೆಯನ್ನು ಹುಡುಕಬೇಕಾದದ್ದು ಕಥೆಗಳ ಮೂಲದಲ್ಲಿ ಅಲ್ಲ, ಈ ಆಯ್ಕೆಯಲ್ಲಿ.

ಸಮಾರೋಪ

‘ಕರ್ವಾಲೊ’ ಕಾದಂಬರಿಯಲ್ಲಿ ನಂಬಲಾಗದ ಹಾರುವ ಓತಿಯನ್ನು ವಿಜ್ಞಾನಿಯೊಬ್ಬ ಪರಿಶೀಲನೆಯ ಹಾದಿಯಲ್ಲಿ ಅರಸುತ್ತಾನೆ. ಅದು ಕೊನೆಗೂ ಕೈಗೆ ಸಿಗುವುದಿಲ್ಲ. ಬೆರಗನ್ನೂ ಪರೀಕ್ಷೆಯನ್ನೂ ಒಂದೇ ಕಥನದಲ್ಲಿ ಕೂಡಿಸುವ ಈ ಬಗೆಯನ್ನು ಆಧುನಿಕ ವಿಜ್ಞಾನದ ಕೊಡುಗೆಯೆಂದು ಮಾತ್ರ ತಿಳಿಯಬೇಕಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಿಸುಕಾಡಿನ ಕವಿಯೊಬ್ಬ ಮಾತನಾಡುವ ನರಿಗಳ ನಡುವೆಯೇ ಮಾತನಾಡುವ ಮರದ ಪೊಟರೆಯನ್ನು ಶೋಧಿಸಿದ್ದ. ಕನ್ನಡ ಅದ್ಭುತ ಕಥನದ ಚರಿತ್ರೆಯನ್ನು ಬರೆಯುವವರು ‘ಪಂಚತಂತ್ರ’ವನ್ನು ನೀತಿಪಾಠದ ಚೌಕಟ್ಟಿನಿಂದ ಹೊರತಂದು, ಈ ನೆಲೆಯಲ್ಲಿ ಮತ್ತೆ ಓದುವುದು ಅಗತ್ಯವಾಗಿದೆ.